ಮೆಟ್ಟಿಲ ಕೆಳಗಿನ ಗೂಡು

ಚೆಂಬೂರಿನ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿಸುವುದೆಂದು ಸೊಸೈಟಿಯ ಸಭೆಯಲ್ಲಿ ತೀರ್ಮಾನವಾದ ಮೇಲೆ ಎಲ್ಲ ಮನೆಗಳಿಗೂ ಒಂದು ಸೂಚನೆ ಬಂತು. ಜಿನೆಯ ಕೆಳಗಿನ ಗೂಡನ್ನು ಎಂಟು ದಿನಗಳೊಳಗೆ ಖಾಲಿ ಮಾಡತಕ್ಕದ್ದು, ಅನಂತರ ಉಳಿದ ಸಾಮಾನು ಭಂಗಾರಿಯವನ ಪಾಲು ಎಂದು ಅದರಲ್ಲಿ ಬರೆದಿತ್ತು. ನಾನೂ ನನ್ನ ತಂಗಿಯೂ ಒಂದು ಭಾನುವಾರ ಟಾರ್ಚು ಹಿಡಿದು ಗೂಡಿನೊಳಗೆ ನುಗ್ಗಿದೆವು. ನುಗ್ಗಿದೆವು ಎಂದರೆ ತಪ್ಪಾದೀತು. ಅರುವತ್ತು ದಾಟಿದವರು ಅಲ್ಲಿಗೆ ನುಗ್ಗುವಂತಿಲ್ಲ, ಬಗ್ಗಿ ತೆವಳಬೇಕು. ಎದುರಿಗೆ ಎತ್ತರ, ಹಿಂದಕ್ಕೆ ಹೋದಂತೆ ತಗ್ಗು, ಕೊನೆಯಲ್ಲಿ ಮೆಟ್ಟಿಲೂ ನೆಲವೂ ಕೂಡುವ ಮೂಲೆ. ಮಕ್ಕಳಾಗಿದ್ದಾಗ ಆ ಮೂಲೆಯವರೆಗೆ ಹೋಗಿ ಬಂದವರೇ ಧೈರ್ಯವಂತರು.

ಒಳಗೆ ಇದ್ದ ವಸ್ತುಗಳ ಪಟ್ಟಿ ಮುಂಬಯಿಯ ಯಾವ ಕನ್ನಡಿಗರ ಮನೆಗೂ ಹೊಂದೀತು. ಪಂಪು ಕೆಟ್ಟ ಪ್ರೈಮಸ್ ಸ್ಟವ್ವು, ಊರಿನಿಂದ ಮೊದಲ ಸಲ ಬಂದಾಗ ತಂದೆಯವರು ಹೊತ್ತು ತಂದ ತಗಡಿನ ಟ್ರಂಕು, ಮೂಲೆಯ ಜಾಳಿಗೆ ಹರಿದ ಕ್ಯಾರಮ್ ಬೋರ್ಡು, ಸೀಮೆಎಣ್ಣೆಯ ಡಬ್ಬ, ಇದ್ದಲಿನ ಇಸ್ತ್ರಿಪೆಟ್ಟಿಗೆ. ಎಲ್ಲಕ್ಕಿಂತ ಹಿಂದೆ, ಗೋಣಿಚೀಲದಲ್ಲಿ ಸುತ್ತಿದ್ದ ಹಲಸಿನ ಮರದ ಒಂದು ಚೆನ್ನೆಮಣೆ. ಅದರೊಡನೆ ಗಂಟು ಕಟ್ಟಿದ ಒಂದು ಬಟ್ಟೆಯ ಚೂರು. ಆ ಗಂಟಿನ ವಿಚಾರವನ್ನು ಕೊನೆಗೆ ಹೇಳುತ್ತೇನೆ.

ಇಂಥ ಗೂಡು ಮುಂಬಯಿಗೆ ಹೇಗೆ ಬಂತು? ಊರಿನ ಮನೆಯಲ್ಲಿ ಬೇಡದ ವಸ್ತುವಿಗೆ ಅಟ್ಟವಿದೆ, ಕೊಟ್ಟಿಗೆಯಿದೆ, ಹಿತ್ತಿಲಿದೆ. ಮುಂಬಯಿಯಲ್ಲಿ ಅವು ಯಾವುವೂ ಇಲ್ಲ. ೧೮೯೬ರಲ್ಲಿ ಪ್ಲೇಗು ಬಂದು ನಗರ ತತ್ತರಿಸಿದ ಮೇಲೆ ೧೮೯೮ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟು ಕಾರ್ಮಿಕರಿಗಾಗಿ ಚಾಳುಗಳನ್ನು ಕಟ್ಟಿಸಿತು. ೧೯೨೦ರ ದಶಕದಲ್ಲಿ ವರಳಿ, ನಾಯಗಾಂವ್ ಮುಂತಾದೆಡೆ ಎದ್ದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಕುಟುಂಬಕ್ಕೆ ದೊರೆತದ್ದು ೧೬೦ ಚದರ ಅಡಿಯ ಒಂದೇ ಕೋಣೆ. ಅಷ್ಟರಲ್ಲೇ ಅಡಿಗೆ, ಅಷ್ಟರಲ್ಲೇ ಹೆರಿಗೆ, ಅಷ್ಟರಲ್ಲೇ ಊರಿನಿಂದ ಬಂದ ನೆಂಟರು. ಆದ್ದರಿಂದ ಕೋಣೆಯೊಳಗೆ ಪೋಟಮಾಳಾ ಎಂಬ ತೂಗು ಅಟ್ಟ ಬಂತು. ಕೋಣೆಯ ಹೊರಗೆ ಯಾರಿಗೂ ಸೇರದ, ಎಲ್ಲರಿಗೂ ಬೇಕಾದ ಜಾಗವೆಂದರೆ ಜಿನೆಯ ಕೆಳಗಿನದು. ಸೈಕಲ್ಲು ಅಲ್ಲಿ, ನೀರಿನ ಪಂಪು ಅಲ್ಲಿ, ಇಸ್ತ್ರಿಯವನ ಮೇಜು ಅಲ್ಲಿ, ರಾತ್ರಿ ಕಾವಲುಗಾರನ ಹಾಸಿಗೆ ಅಲ್ಲಿ. ಇದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಸಾಲುಮನೆಗಳಲ್ಲೂ ಮೆಟ್ಟಿಲ ಕೆಳಗೆ ಕಪಾಟು ಇರುವುದು ರೂಢಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬೀಳುವಾಗ ಅಲ್ಲಿನ ಎಷ್ಟೋ ಕುಟುಂಬಗಳು ಆ ಕಪಾಟಿನಲ್ಲೇ ಅಡಗಿ ರಾತ್ರಿ ಕಳೆದವು. ಮನೆ ಕುಸಿದರೂ ಮೆಟ್ಟಿಲು ನಿಲ್ಲುತ್ತದೆಂಬ ನಂಬಿಕೆ ಅವರದು. ೧೯೭೧ರ ಡಿಸೆಂಬರಿನಲ್ಲಿ ಸೈರನ್ನು ಕೂಗಿದಾಗ ನಮ್ಮ ಕಟ್ಟಡದ ಹೆಂಗಸರೂ ಮಕ್ಕಳೂ ಮೆಟ್ಟಿಲ ಬುಡಕ್ಕೇ ಬಂದು ಕುಳಿತರು. ದೊಡ್ಡವರಿಗೆ ಅದು ಭಯ, ನಮಗೆ ಕಣ್ಣಾಮುಚ್ಚಾಲೆಯ ಮುಂದುವರಿಕೆ.

ಇನ್ನು ಚೆಂಬೂರಿನ ಮಾತು. ಯೋಚಿಸಿದರೆ ಮುಂಬಯಿ ಎಂಬ ದೊಡ್ಡ ಮನೆಗೆ ಚೆಂಬೂರೇ ಮೆಟ್ಟಿಲ ಕೆಳಗಿನ ಗೂಡು. ಹಿಂದೆ ಇದು ತುರ್ಭೆ ದ್ವೀಪದ ಒಂದು ಅಂಚು. ಘಾಟ್ಲ, ಬೋರ್ಲ, ದೇವನಾರ, ಮಾಹುಲ ಎಂಬ ಹಳ್ಳಿಗಳು, ಗದ್ದೆ, ಉಪ್ಪುನೀರಿನ ಕೊಲ್ಲಿ, ಕೋಳಿ ಮತ್ತು ಆಗ್ರಿ ಜನರ ಮನೆಗಳು. ೧೯೦೬ರಲ್ಲಿ ಕುರ್ಲಾದಿಂದ ಇಲ್ಲಿಗೆ ರೈಲುದಾರಿ ಹಾಕಿದರು. ಜನರನ್ನು ಸಾಗಿಸುವುದಕ್ಕೆ ಅಲ್ಲ, ನಗರದ ಕಸವನ್ನು ಸಾಗಿಸುವುದಕ್ಕೆ! ಪ್ರಯಾಣಿಕರಿಗೆ ಆ ದಾರಿ ತೆರೆದದ್ದು ೧೯೨೪ರಲ್ಲಿ, ಅಂದರೆ ಕಸಕ್ಕಿಂತ ಹದಿನೆಂಟು ವರ್ಷ ತಡವಾಗಿ. ದೇವನಾರದ ಕಸದ ಗುಡ್ಡ ಬೆಳೆಯತೊಡಗಿದ್ದು ೧೯೨೭ರಲ್ಲಿ. ೧೯೪೭ರಲ್ಲಿ ದೇಶ ಇಬ್ಭಾಗವಾದಾಗ ಸಿಂಧ್ ಪ್ರಾಂತದಿಂದ ಮನೆಮಠ ಕಳೆದುಕೊಂಡು ಬಂದವರಿಗೆ ನಗರ ತೋರಿಸಿದ ಜಾಗಗಳಲ್ಲಿ ಚೆಂಬೂರಿನ ಶಿಬಿರವೂ ಒಂದು. ೧೯೫೪-೫೫ರಲ್ಲಿ ಮಾಹುಲದ ಬದಿಯಲ್ಲಿ ಎರಡು ತೈಲ ಶುದ್ಧೀಕರಣ ಕಾರಖಾನೆಗಳು ಬಂದವು. ೧೯೫೪ರಲ್ಲೇ ತುರ್ಭೆಯಲ್ಲಿ ಅಣುಶಕ್ತಿ ಸಂಸ್ಥೆ ಸ್ಥಾಪನೆಯಾಗಿ, ೧೯೫೬ರ ಆಗಸ್ಟಿನಲ್ಲಿ ‘ಅಪ್ಸರಾ’ ರಿಯಾಕ್ಟರು ಕೆಲಸಮಾಡತೊಡಗಿತು. ೧೯೬೫ರಲ್ಲಿ ರಸಗೊಬ್ಬರದ ಕಾರಖಾನೆ, ೧೯೭೧ರಲ್ಲಿ ದೇವನಾರದ ಕಸಾಯಿಖಾನೆ. ನಗರಕ್ಕೆ ಬೇಕು, ಆದರೆ ಕಣ್ಣೆದುರಿಗೆ ಬೇಡ ಎನ್ನುವುದನ್ನೆಲ್ಲ ಇಲ್ಲಿ ತಂದಿರಿಸಿದರು. ಮನೆಯ ಯಜಮಾನಿ ಪಡಸಾಲೆಯನ್ನು ಒಪ್ಪವಾಗಿಡುವುದಕ್ಕಾಗಿ ಗೂಡಿನ ಬಾಗಿಲನ್ನು ಒತ್ತಿ ಮುಚ್ಚುವುದಿಲ್ಲವೆ, ಹಾಗೆ.

ಆದರೆ ಗೂಡಿಗೆ ಇನ್ನೊಂದು ಗುಣವಿದೆ. ಪಡಸಾಲೆಯಲ್ಲಿ ಜಾಗ ಸಿಗದವರಿಗೆ ಅಲ್ಲಿ ಜಾಗ ಸಿಗುತ್ತದೆ. ೧೯೫೦ರಲ್ಲಿ ಮುಂಬಯಿ ನಗರಪಾಲಿಕೆಯ ಎಲ್ಲೆ ವಿಸ್ತಾರವಾದ ಮೇಲೆ, ಮಾಟುಂಗ, ದಾದರ್‌ಗಳಲ್ಲಿ ಮನೆಯ ಪಗಡಿ ಕೊಡಲಾರದ ಕುಟುಂಬಗಳು ಹಾರ್ಬರ್ ರೈಲು ಹಿಡಿದು ಇತ್ತ ಬಂದವು. ಹೌಸಿಂಗ್ ಬೋರ್ಡಿನವರು ತಿಲಕನಗರದಂಥ ವಸಾಹತುಗಳನ್ನು ಕಟ್ಟಿದರು. ದಕ್ಷಿಣ ಕನ್ನಡದವರು, ಧಾರವಾಡದ ಕಡೆಯವರು, ಮೈಸೂರಿನವರು, ಪಾಲಘಾಟು ತಂಜಾವೂರುಗಳವರು, ಸಿಂಧಿಗಳು, ಪಂಜಾಬಿಗಳು, ರತ್ನಾಗಿರಿಯವರು ಒಂದೇ ಜಿನೆಯನ್ನು ಹತ್ತಿ ಇಳಿದರು. ಘಾಟ್ಲದಲ್ಲಿ ನಮ್ಮ ಚೆಂಬೂರು ಕರ್ನಾಟಕ ಸಂಘದ ಶಾಲೆ ನಿಂತದ್ದೂ ಈ ಜನರ ಬಲದಿಂದಲೇ.

ಆಟಗಳ ಬೆರಕೆಯೂ ಹಾಗೆಯೇ ಆಯಿತು. ನಮ್ಮ ಬುಗರಿ ಮರಾಠಿ ಮಕ್ಕಳಿಗೆ ಭವರಾ, ನಮ್ಮ ಚಿನ್ನಿದಾಂಡು ಅವರಿಗೆ ವಿಟಿದಾಂಡು. ಲಗೋರಿ ಮಾತ್ರ ಇಬ್ಬರಿಗೂ ಲಗೋರಿಯೇ. ಕಣ್ಣಾಮುಚ್ಚಾಲೆಗೆ ಒಂದು ಹಳೆಯ ಡಬ್ಬ ಸೇರಿದರೆ ಅದು ‘ಡಬ್ಬಾ ಐಸ್ಪೈಸ್’. ಮೂರನೆಯ ಮಾಳಿಗೆಯ ಮೈಸೂರಿನ ಹುಡುಗಿ ನೆಲದ ಮೇಲೆ ಐದೈದು ಮನೆಯ ಚೌಕ ಬರೆದು ನಾಲ್ಕು ಕವಡೆ ಹಾಕಿ ಚೌಕಾಬಾರ ಎಂದರೆ, ಎದುರು ಮನೆಯ ಪುಣೆಯ ಹುಡುಗಿ ಅದನ್ನು ಚಲ್ಲಸ್ ಆಠ ಎನ್ನುತ್ತಿದ್ದಳು. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಮುಂಬಯಿಯಲ್ಲಿ ಭಾಷೆಯ ಹೆಸರಿನಲ್ಲಿ ಬಹಳ ಜಗಳ ನಡೆದ ವರ್ಷಗಳವು. ನಮ್ಮ ಗೂಡಿನಲ್ಲಿ ಜಗಳವಾದದ್ದು ಕವಡೆ ಸರಿದದ್ದಕ್ಕೆ ಮಾತ್ರ.

ಈಗ ಚೆನ್ನೆಮಣೆಗೆ ಬರೋಣ. ಮೈಸೂರು ಕಡೆ ಇದನ್ನು ಅಳಗುಳಿಮಣೆ ಎನ್ನುತ್ತಾರೆ. ತಮಿಳರಿಗೆ ಪಲ್ಲಾಂಗುಳಿ. ಆಚೆಗೆ ಏಳು, ಈಚೆಗೆ ಏಳು, ಒಟ್ಟು ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಬಿತ್ತಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದದ್ದು ನಮ್ಮ ಗಳಿಕೆ. ಊರೂರಿಗೆ ನಿಯಮ ಬೇರೆಯಾದರೂ ಮೂಲ ಇಷ್ಟೇ. ಬಿತ್ತುವುದು, ಕೊಯ್ಯುವುದು. ಬೇಸಾಯದ ನಾಡಿಗೆ ಒಪ್ಪುವ ಆಟ. ತುಳುನಾಡಿನಲ್ಲಿ ಇದು ಆಟಿ ತಿಂಗಳ ಆಟ. ಜುಲೈ ಆಗಸ್ಟಿನ ಜಡಿಮಳೆ, ಗದ್ದೆಯ ಕೆಲಸ ನಿಂತಿದೆ, ಕಣಜ ತಳ ಕಂಡಿದೆ, ಮದುವೆಯಾಗಿ ಹೋದ ಹುಡುಗಿ ತವರಿಗೆ ಆಟಿ ಕುಳಿತುಕೊಳ್ಳಲು ಬಂದಿದ್ದಾಳೆ. ಹೊಟ್ಟೆ ಅರೆ, ಹೊತ್ತು ಉದ್ದ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಮುಂಬಯಿಯಲ್ಲೂ ಮಳೆ ಆ ತಿಂಗಳಲ್ಲೇ ಜೋರು. ರಸ್ತೆಯಲ್ಲಿ ಮೊಣಕಾಲು ನೀರು ನಿಂತು ಶಾಲೆಗೆ ರಜೆ ಬಂದಾಗ ಗೂಡಿನ ಬಾಗಿಲಲ್ಲಿ ನಮ್ಮ ಮಣೆ ಬಿಚ್ಚುತ್ತಿತ್ತು.

ಈ ಆಟದ ಬಂಧುಬಳಗ ದೊಡ್ಡದು. ಶ್ರೀಲಂಕೆಯಲ್ಲಿ ಗುಲಗಂಜಿಯಿಂದ ಆಡುವ ಒಲಿಂದ ಕೇಳಿಯ, ಇಂಡೋನೇಶಿಯದಲ್ಲಿ ಚೊಂಕ್ಲಾಕ್, ಆಫ್ರಿಕ ಖಂಡದ ಉದ್ದಗಲಕ್ಕೂ ಇದರ ನೂರಾರು ರೂಪಗಳು. ವಿದ್ವಾಂಸರು ಇವೆಲ್ಲಕ್ಕೂ ಕೂಡಿ ಬಳಸುವ ‘ಮಂಕಲ’ ಎಂಬ ಹೆಸರು ಅರಬ್ಬಿಯಲ್ಲಿ ‘ಸಾಗಿಸು’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ನಮ್ಮ ನಾಡಿನಲ್ಲಿ ಆಟವನ್ನು ಹಗುರವಾಗಿ ಕಂಡವರಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಕ್ಕೂ ಕ್ರೀಡೆಗೂ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಒಂದೊಂದು ಭಾಗವೇ ಮೀಸಲು. ಹಂಪೆಯ ಮಂಟಪಗಳ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಚದುರಂಗ, ಗಂಜೀಫಾಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನೂ ಆಟವನ್ನೂ ಬೇರೆ ಮಾಡಲಿಲ್ಲ. ಅರಸರ ಆಟದ ಹಲಗೆಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಉಳಿದಿವೆ. ಬಡವರ ಹಲಗೆಗಳು ಗೂಡಿನಲ್ಲಿ.

ಚೆನ್ನೆಮಣೆಗೆ ಒಂದು ಕರಾಳ ಕಥೆಯೂ ಅಂಟಿದೆ. ತುಳುವಿನ ಸಿರಿ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳು, ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ದಾರಗರು ಚೆನ್ನೆಯಾಡಲು ಕೂಡುತ್ತಾರೆ. ಆಟದಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಅಬ್ಬಗ ಮಣೆಯಿಂದಲೇ ದಾರಗಳಿಗೆ ಹೊಡೆಯುತ್ತಾಳೆ, ದಾರಗ ಸಾಯುತ್ತಾಳೆ. ತಾನು ಮಾಡಿದ್ದೇನೆಂದು ತಿಳಿದು ಅಬ್ಬಗ ಬಾವಿಗೆ ಹಾರುತ್ತಾಳೆ. ಕವತ್ತಾರು, ನಂದಳಿಕೆ, ಹಿರಿಯಡ್ಕಗಳ ಸಿರಿ ಜಾತ್ರೆಗಳಲ್ಲಿ ಇವರ ಹೆಸರು ಇಂದಿಗೂ ಕೇಳುತ್ತದೆ. ಅಮೆರಿಕದ ಪೀಟರ್ ಕ್ಲಾಸ್ ಈ ಆಟದ ಮೇಲೆಯೇ ಪ್ರಬಂಧ ಬರೆದರು. ೧೯೯೦ರಲ್ಲಿ ಫಿನ್‌ಲೆಂಡಿನ ಲೌರಿ ಹೊಂಕೊ ಅವರು ಕೆ. ಚಿನ್ನಪ್ಪ ಗೌಡ, ಬಿ. ಎ. ವಿವೇಕ ರೈ ಅವರೊಡಗೂಡಿ ಮಾಚಾರು ಗೋಪಾಲ ನಾಯ್ಕರ ಬಾಯಿಂದ ಇಡೀ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. ೧೯೯೮ರಲ್ಲಿ ಅಚ್ಚಾದಾಗ ಅದು ಹದಿನೈದು ಸಾವಿರ ಸಾಲುಗಳನ್ನು ಮೀರಿತ್ತು. ಅಕ್ಕತಂಗಿಯರು ತಮ್ಮತಮ್ಮಲ್ಲೇ ಚೆನ್ನೆ ಆಡಬಾರದೆಂಬ ನಂಬಿಕೆ ಈ ಕಥೆಯ ಬೆನ್ನಿಗೇ ಬಂದದ್ದು.

ನಮ್ಮ ಅಮ್ಮನಿಗೆ ಪ್ರಬಂಧ ಗೊತ್ತಿರಲಿಲ್ಲ, ನಂಬಿಕೆ ಗೊತ್ತಿತ್ತು. “ನೀವಿಬ್ಬರೂ ಎದುರುಬದುರು ಕೂತದ್ದನ್ನು ಕಂಡರೆ ಮಣೆಯನ್ನು ಒಲೆಗೆ ಹಾಕುತ್ತೇನೆ. ಬೇಕಾದರೆ ಬೇರೆ ಯಾರ ಸಂಗಡವಾದರೂ ಆಡಿ” ಎಂದು ಆಕೆ ಕಟ್ಟುನಿಟ್ಟು ಮಾಡಿದ್ದಳು. ಬೇರೆ ಯಾರು? ಇಲ್ಲಿಯವರೆಗೆ ಹೇಳದೆ ಉಳಿಸಿದ ಮಾತು ಇದೇ.

ಕಟ್ಟಡದ ನೆಲ ಅಂತಸ್ತಿನಲ್ಲಿ ಆಗ ನಮ್ಮೂರ ಕಡೆಯವರದೇ ಒಂದು ಹೋಟೆಲಿತ್ತು. ಅಲ್ಲಿ ಗ್ಲಾಸು ತೊಳೆಯುವ ಹುಡುಗನೊಬ್ಬ. ಹೋಟೆಲಿನಲ್ಲಿ ಮಲಗಲು ಜಾಗ ಸಾಲದೆ ಅವನ ಚಾಪೆಯೂ ಚಿಕ್ಕ ಟ್ರಂಕೂ ಜಿನೆಯ ಕೆಳಗೆ ಇದ್ದವು. ನಾವು ಮನೆಯಾಟ ಆಡುತ್ತಿದ್ದ ಗೂಡು ಅವನಿಗೆ ನಿಜವಾದ ಮನೆ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಾಯಂಕಾಲದ ಚಹಾದವರು ಬರುವ ಮುಂಚೆ ಸಿಗುವ ಒಂದು ಗಂಟೆಯಲ್ಲಿ ಅವನು ನಮ್ಮಿಬ್ಬರ ಎದುರೂ ಸರದಿಯಂತೆ ಚೆನ್ನೆ ಆಡುತ್ತಿದ್ದ. ನಮ್ಮಲ್ಲಿ ಮಣೆಯಿತ್ತು, ಕಾಯಿಗೆ ಹುಣಸೆಬೀಜವೇ ಗತಿ. ಅವನು ಟ್ರಂಕಿನಿಂದ ಒಂದು ಗಂಟು ತೆಗೆದ. ಒಳಗೆ ಮಂಜೊಟ್ಟಿಯ ಕೆಂಪು ಬೀಜಗಳು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಬೀಜಗಳವು, ಒಂದರ ಹಾಗೆ ಒಂದು. ಊರು ಬಿಡುವಾಗ ಹಿತ್ತಿಲಲ್ಲಿ ಆರಿಸಿಕೊಂಡದ್ದೆಂದು ಹೇಳಿದ. ಅವನು ನನಗಿಂತ ಹೆಚ್ಚೆಂದರೆ ಒಂದು ವರ್ಷಕ್ಕೆ ದೊಡ್ಡವನಿರಬೇಕು. ಆದರೂ “ಅಕ್ಕಾ, ನಿಮ್ಮ ಸರದಿ” ಎಂದು ಬಹುವಚನದಲ್ಲೇ ಕರೆಯುತ್ತಿದ್ದ. ನಾವು ಅವನನ್ನು “ಮಾಣಿ” ಎಂದೆವು. ಎಲ್ಲರೂ ಹಾಗೆಯೇ ಅನ್ನುತ್ತಿದ್ದರು.

ನೀರಿನಲ್ಲಿ ನೆನೆದು ಬಿಳಿಚಿಕೊಂಡ ಅವನ ಬೆರಳುಗಳು ಕಾಯಿ ಬಿತ್ತುವಾಗ ಎಷ್ಟು ಚುರುಕಾಗಿದ್ದವೆಂದರೆ ನಾವು ಒಮ್ಮೆಯೂ ಗೆದ್ದ ನೆನಪಿಲ್ಲ. ಗಲ್ಲೆಯಿಂದ ಕೂಗು ಬಂದೊಡನೆ ಗೆಲ್ಲುವ ಆಟವನ್ನೂ ಅರ್ಧಕ್ಕೆ ಬಿಟ್ಟು ಓಡುತ್ತಿದ್ದ. ನಾವು ಅದನ್ನು ಅವನ ಸೋಲೆಂದು ಲೆಕ್ಕ ಹಾಕಿದ್ದುಂಟು. ಒಂದು ಮಳೆಗಾಲ ಮುಗಿದ ಮೇಲೆ ಅವನು ಬೇರೆ ಕಡೆಗೆ ಕೆಲಸಕ್ಕೆ ಹೋದ. ಗಂಟನ್ನು ಮಣೆಯ ಮೇಲಿಟ್ಟು ಹೋಗಿದ್ದ. ಮತ್ತೆ ಕಾಣಲಿಲ್ಲ.

ಮುಂಬಯಿಯ ನಮ್ಮ ಹೋಟೆಲುಗಳ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು. ಬರಿಗೈಯಲ್ಲಿ ಬಂದವರು ದುಡಿದು ಮೇಲೆ ಬಂದು ಶಾಲೆ ಕಟ್ಟಿಸಿದರು, ಸಂಘ ಕಟ್ಟಿದರು. ಹಗಲು ದುಡಿಯುವ ಹುಡುಗರಿಗಾಗಿ ನಮ್ಮ ಸಂಸ್ಥೆಗಳು ರಾತ್ರಿಶಾಲೆ ನಡೆಸಿದವು. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಹೆಸರನ್ನು ಇಲ್ಲಿ ನೆನೆಯಬೇಕು. ಆ ಶಾಲೆಗಳಲ್ಲಿ ತೂಕಡಿಸುತ್ತ ಕಲಿತು ವಕೀಲರಾದವರು, ಲೆಕ್ಕಪರಿಶೋಧಕರಾದವರು, ಸ್ವಂತ ಹೋಟೆಲು ತೆರೆದವರು ನಮ್ಮ ನಡುವೆ ಇದ್ದಾರೆ. ಆದರೆ ರಾತ್ರಿಶಾಲೆ ಕೊಟ್ಟದ್ದು ಪಾಠವನ್ನು. ಆಟವನ್ನು ಕೊಡಲು ಹೊತ್ತು ಎಲ್ಲಿತ್ತು? ಬಾಲ ಕಾರ್ಮಿಕರ ಕುರಿತ ಶಾಸನ ಬಂದದ್ದು ೧೯೮೬ರಲ್ಲಿ. ಹದಿನಾಲ್ಕಕ್ಕಿಂತ ಕೆಳಗಿನವರು ಹೋಟೆಲುಗಳಲ್ಲಿ ದುಡಿಯಕೂಡದೆಂಬ ನಿಷೇಧ ಜಾರಿಯಾದದ್ದು ೨೦೦೬ರ ಅಕ್ಟೋಬರಿನಲ್ಲಿ. ಎಲ್ಲ ಬಗೆಯ ಕಸುಬುಗಳಿಗೂ ಅದನ್ನು ವಿಸ್ತರಿಸಿದ್ದು ೨೦೧೬ರ ತಿದ್ದುಪಡಿಯಲ್ಲಿ. ನಮ್ಮ ಮಾಣಿಗೆ ಇವು ಯಾವುವೂ ಮುಟ್ಟಲಿಲ್ಲ.

ಇಂಗ್ಲೆಂಡಿನಲ್ಲಿ ಓಪಿ ದಂಪತಿಗಳು ಬೀದಿಬೀದಿಯ ಮಕ್ಕಳನ್ನು ಮಾತಾಡಿಸಿ ಅವರ ಆಟಗಳನ್ನು ಬರೆದಿಟ್ಟು ೧೯೬೯ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಮುಂಬಯಿ ಕನ್ನಡಿಗರ ಮಕ್ಕಳಾಟದ ಚರಿತ್ರೆಯನ್ನೂ ಯಾರಾದರೂ ಹಾಗೆ ಬರೆದಾರು. ಬರೆಯುವಾಗ ಆಡಿದವರನ್ನು ಮಾತ್ರ ಕೇಳಿದರೆ ಅದು ಅರ್ಧ ಚರಿತ್ರೆ. ಆಟವನ್ನು ಊರಿನಲ್ಲಿ ಬಿಟ್ಟು ಬಂದವರನ್ನೂ, ಒಂದು ಗಂಟೆಯ ಬಿಡುವಿನಲ್ಲಿ ಆಡಿದವರನ್ನೂ ಕೇಳಬೇಕು. ಅವರಲ್ಲಿ ಹಲವರು ಇಂದು ನಮ್ಮ ನಿಮ್ಮ ಮನೆಗಳಲ್ಲೇ ಅಜ್ಜಂದಿರಾಗಿದ್ದಾರೆ. “ನಿಮ್ಮ ಊರಲ್ಲಿ ಯಾವ ಆಟ ಆಡುತ್ತಿದ್ದಿರಿ?” ಎಂದು ಮೊಮ್ಮಕ್ಕಳು ಒಮ್ಮೆ ಕೇಳಲಿ.

ಚೆಂಬೂರಿನ ಗೂಡುಗಳು ಬೇಗಬೇಗ ಬರಿದಾಗುತ್ತಿವೆ. ೧೯೪೮ರಲ್ಲಿ ತೊಡಗಿದ ಆರ್.ಕೆ. ಸ್ಟುಡಿಯೋ ೨೦೧೭ರಲ್ಲಿ ಬೆಂಕಿಗೆ ತುತ್ತಾದಾಗ ಹಳೆಯ ಚಿತ್ರಗಳ ಉಡುಗೆ ತೊಡುಗೆಗಳೆಲ್ಲ ಸುಟ್ಟುಹೋದವು. ಆಮೇಲೆ ಆ ಜಾಗವೇ ಮಾರಾಟವಾಯಿತು. ೨೦೧೪ರಲ್ಲಿ ಮೊನೊರೈಲು ಬಂತು, ಹಳೆಯ ವಸಾಹತುಗಳ ಜಾಗದಲ್ಲಿ ಗೋಪುರದಂಥ ಕಟ್ಟಡಗಳು ಎದ್ದವು. ಹೊಸ ಕಟ್ಟಡದಲ್ಲಿ ಲಿಫ್ಟು ಇರುತ್ತದೆ. ಮೆಟ್ಟಿಲು ಬೆಂಕಿ ಬಿದ್ದಾಗ ಇಳಿಯುವುದಕ್ಕೆ ಮಾತ್ರ, ಅದರ ಕೆಳಗೆ ಏನನ್ನೂ ಇಡಕೂಡದೆಂದು ನಿಯಮ. ನಿಯಮ ಸರಿಯಾದದ್ದೇ. ಗೂಡು ಉಳಿಯಬೇಕೆಂದು ನಾನು ವಾದಿಸುವುದಿಲ್ಲ. ಅಲ್ಲಿ ಯಾವ ಮಗುವೂ ಮಲಗಬೇಕಾಗಿ ಬಾರದಿದ್ದರೆ ಅದೇ ದೊಡ್ಡ ಲಾಭ.

ಆ ಭಾನುವಾರ ಸ್ಟವ್ವು, ಡಬ್ಬ, ಇಸ್ತ್ರಿಪೆಟ್ಟಿಗೆಗಳನ್ನು ಭಂಗಾರಿಯವನು ತೂಗಿ ಒಯ್ದ. ಮಣೆಯನ್ನು ಮನೆಗೆ ತಂದೆವು. ತಂಗಿ ಗಂಟು ಬಿಚ್ಚಿ ಎಣಿಸಿದಳು. ಐವತ್ತಾರು ಬೀಜಗಳೂ ಇದ್ದವು, ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಮೊಮ್ಮಗಳು ಆಟ ಕಲಿಸಿರೆಂದು ಹಟ ಹಿಡಿದಳು. ತೋರಿಸಿಕೊಡುವುದಕ್ಕಾದರೂ ಇಬ್ಬರು ಎದುರುಬದುರು ಕೂಡಲೇಬೇಕಲ್ಲ. ಅಮ್ಮನ ಮಾತನ್ನು ನೆನೆದು ನಾವು ಅಕ್ಕತಂಗಿಯರು ಮುಖ ಮುಖ ನೋಡಿಕೊಂಡೆವು. ಕೊನೆಗೆ ಮೊಮ್ಮಗಳನ್ನೇ ತಂಗಿಯ ಎದುರು ಕೂರಿಸಿ ನಾನು ಪಕ್ಕದಿಂದ ಹೇಳಿಕೊಟ್ಟೆ. ಗುಳಿಗಳು ತುಂಬಿದ ಮೇಲೆ ಅವಳು ಕೇಳಿದಳು: “ಈ ಬೀಜ ಯಾರು ಕೊಟ್ಟದ್ದು ಅಜ್ಜೀ?”

ಮಣೆ ಯಾವ ಮರದ್ದು, ಬೀಜ ಯಾವ ಗಿಡದ್ದು, ಕಥೆ ಯಾವ ಪಾಡ್ದನದ್ದು, ಎಲ್ಲವನ್ನೂ ಹೇಳಬಲ್ಲೆ. ಅವನ ಹೆಸರನ್ನು ನಾವು ಯಾವತ್ತೂ ಕೇಳಿರಲಿಲ್ಲ.